ಸೇರಿನಲ್ಲಿ ಕೂರುವ ನಾಯಿ

ನಮ್ಮ ಅತ್ತಿಗೆಯ ಬಲಗೈ ಹೆಬ್ಬೆರಳ ತುದಿ ಸದಾ ಕಪ್ಪಗಿರುತ್ತಿತ್ತು. ಹಿಪ್ಪುನೇರಳೆ ಸೊಪ್ಪು ಬಿಡಿಸಿ ಬಿಡಿಸಿ, ಅದರ ಹಾಲು ಉಗುರಿನ ಸಂದಿಗೆ ಇಳಿದು ಒಣಗಿದ ಕಪ್ಪು. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮದುವೆ ಊಟದ ಸಾಲಿನಲ್ಲಿ ಪಕ್ಕದವರು ಆ ಬೆರಳನ್ನು ನೋಡಿದರೆ, “ಕೊಳೆ ಅಲ್ಲ ಕಣಮ್ಮ, ಸೊಪ್ಪು” ಎಂದು ತಾವೇ ಹೇಳಿಬಿಡುತ್ತಿದ್ದರು. ಈಗ ಅತ್ತಿಗೆಯನ್ನು ನೆನೆದರೆ ಮುಖಕ್ಕಿಂತ ಮೊದಲು ನನಗೆ ಆ ಬೆರಳೇ ಕಣ್ಣಿಗೆ ಬರುತ್ತದೆ.

ರಾಯಲ್ಪಾಡಿನ ಆಚೆಯ ಒಂದು ಹಳ್ಳಿಯಿಂದ ಅವರು ವೇಮಗಲ್ ಹತ್ತಿರದ ನಮ್ಮೂರಿಗೆ ಸೊಸೆಯಾಗಿ ಬಂದಾಗ ನಾನಿನ್ನೂ ಮಿಡ್ಲ್ ಸ್ಕೂಲ್ ಹುಡುಗ. ನನಗೆ ತಾಯಿ ಇರಲಿಲ್ಲ. ಅತ್ತಿಗೆಯ ಮನೆಮಾತು ತೆಲುಗು. ನಮಗೆಲ್ಲ ತೆಲುಗು ಬರುತ್ತಿದ್ದರೂ ಹಟ ಹಿಡಿದು ಕನ್ನಡ ಕಲಿತರು. ಒಂದು ಪದವನ್ನು ಮಾತ್ರ ಬಿಡಲಿಲ್ಲ. ನನ್ನನ್ನು “ತಂಡ್ರೀ” ಎಂದು ಕರೆಯುತ್ತಿದ್ದರು. ತಂದೇ ಎಂದು. ನಾನು ದೊಡ್ಡವನಾಗಿ, ಮೀಸೆ ಬೆಳ್ಳಗಾದ ಮೇಲೂ, ನಮ್ಮೆರಡು ಮನೆಗಳ ನಡುಗೋಡೆಯ ಆಚೆಯಿಂದ “ತಂಡ್ರೀ, ಉಂಡೆಯಾ?” ಎಂಬ ದನಿ ಬರುತ್ತಿತ್ತು.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳುಮನೆಗೆ ಅತ್ತಿಗೆಯೇ ಒಡತಿ. ಕಾಲು ತೊಳೆಯದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಬೀಡಿ ಸೇದಿದವರು, ತಲೆಗೆ ವಾಸನೆ ಎಣ್ಣೆ ಹಚ್ಚಿದವರು ಹೊರಗೇ. ಒಮ್ಮೆ ಪಂಚಾಯ್ತಿ ಅಧ್ಯಕ್ಷರು ಇಸ್ತ್ರಿ ಬಟ್ಟೆ ಹಾಕಿಕೊಂಡು ಹುಳ ನೋಡಲು ಬಂದರು. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತು, “ನಿಮ್ ಪೌಡರ್ ವಾಸ್ನೆಗೆ ನಮ್ ಹುಳ ಮೂರ್ಛೆ ಹೋಗ್ತವೆ. ಜಗಲಿ ಮೇಲೆ ಕೂತ್ಕೊಳಿ, ಕಾಫಿ ತರ್ತೀನಿ” ಎಂದರು. ಅಧ್ಯಕ್ಷರು ನಗುತ್ತಾ ಕೂತರು. ಹುಳಕ್ಕೆ ಸೊಪ್ಪು ಹಾಕದೆ ಅತ್ತಿಗೆ ತಾವು ಒಂದು ತುತ್ತು ಬಾಯಿಗಿಡುತ್ತಿರಲಿಲ್ಲ. ಹಾಕಿದ ಮೇಲೆ ಹುಳದ ತಟ್ಟೆಯ ಹತ್ತಿರ ಕಿವಿಯಿಟ್ಟು, ಹುಳಗಳು ಮೇಯುವ ಸದ್ದನ್ನು ಕೇಳಿ, ಆಮೇಲೆ ಮುದ್ದೆ ಮುರಿಯುತ್ತಿದ್ದರು.

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಜ್ವರ ಎದ್ದ ಮೇಲೆ ಎಲ್ಲ ಹುಳವೂ ಒಂದೇ ಸಮ ದಪ್ಪಗಾಗಬೇಕು. ಕೆಲವು ಸಣ್ಣಗೇ ಉಳಿಯುತ್ತವೆ. ಅವನ್ನು ಹೆಕ್ಕಿ ತೆಗೆದು ಸುಣ್ಣದ ನೀರಿಗೆ ಹಾಕಬೇಕು. ಹೆಕ್ಕುವ ಕೆಲಸವನ್ನು ಅತ್ತಿಗೆ ನನಗೆ ಕಲಿಸಿದರು. ಒಂದು ಸಲ ನಾನು ಸಣ್ಣ ಹುಳವೊಂದನ್ನು ಮುದ್ದಾಗಿದೆ ಎಂದು ಬೆಂಕಿಪೊಟ್ಟಣದಲ್ಲಿ ಬಚ್ಚಿಟ್ಟುಕೊಂಡೆ. ಅವರು ಕಂಡುಹಿಡಿದರು. ಬೈಯಲಿಲ್ಲ. ಅದನ್ನು ಅಂಗೈ ಮೇಲಿಟ್ಟುಕೊಂಡು, “ನೋಡು ತಂಡ್ರೀ, ಇದು ಚಿಕ್ಕದಲ್ಲ. ಕಾಯಿಲೆ ಇದು. ಚೆಂದ ಅಂತ ಇಟ್ಕೋಬಾರದು” ಎಂದರು. ಇಷ್ಟು ಪಾಠವನ್ನು ಮೀಸೆ ಮೂಡದ ವಯಸ್ಸಿನಲ್ಲೇ ಕಲಿತವನು ನಾನು. ಗೊತ್ತಿರಲಿಲ್ಲ ಎಂದು ಹೇಳುವ ಹಕ್ಕು ನನಗಿಲ್ಲ.

ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ, ಕಾರ್ಖಾನೆಯೊಂದರ ಗೇಟಿನಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಅಷ್ಟರಲ್ಲಿ ಅಣ್ಣ ಹೋಗಿದ್ದ, ನನ್ನ ಹೆಂಡತಿಯೂ ಹೋಗಿದ್ದಳು. ಹೊತ್ತು ಕಳೆಯಲೆಂದು ಒಂದು ಜೊತೆ ಪಾಮೇರಿಯನ್ ನಾಯಿ ತಂದೆ. ಮೊದಲ ಸೂಲಿನಲ್ಲಿ ಒಂದು ಮರಿ ಅಂಗೈಯಷ್ಟೇ ಉಳಿಯಿತು. ಮಾಲೂರಿನ ದಳ್ಳಾಳಿಯೊಬ್ಬ ಅದನ್ನು ನೋಡಿ ಹುಚ್ಚಾದ. ಬೆಂಗಳೂರಿನವರಿಗೆ ಇಂಥದ್ದೇ ಬೇಕು ಎಂದ. ಮುಂದಿನ ವಾರ ನಮ್ಮ ಕೇರಿಯಲ್ಲಿ ಕಾರು ಬಂದು ನಿಂತಿತು. ಇಳಿದವರು ನನ್ನನ್ನು “ಸರ್” ಎಂದರು. ಜೀವಮಾನವೆಲ್ಲ ಗೇಟು ತೆಗೆದು ಬೇರೆಯವರಿಗೆ ಸರ್ ಎಂದವನು ನಾನು. ಆ ಒಂದು ಮಾತು ನನ್ನ ತಲೆ ತಿರುಗಿಸಿತು. ದುಡ್ಡಿಗಿಂತ ಹೆಚ್ಚಾಗಿ ಅದೇ.

ಅಲ್ಲಿಂದ ನಾನು ಅತ್ತಿಗೆ ಕಲಿಸಿದ್ದನ್ನು ತಿರುವುಮುರುವು ಮಾಡಿದೆ. ಪ್ರತಿ ಸೂಲಿನಲ್ಲೂ ಚೆನ್ನಾಗಿ ಬೆಳೆದ ಮರಿಗಳನ್ನು ಯಾರಿಗಾದರೂ ಕೊಟ್ಟು, ಎಲ್ಲಕ್ಕಿಂತ ಸಣ್ಣದನ್ನು ಇಟ್ಟುಕೊಂಡೆ. ಸಣ್ಣದಕ್ಕೆ ಸಣ್ಣದನ್ನೇ ಕೂಡಿಸಿದೆ. ಒಡಹುಟ್ಟಿದವು ಎನ್ನುವುದನ್ನೂ ನೋಡಲಿಲ್ಲ. ದಳ್ಳಾಳಿ ಹೇಳಿಕೊಟ್ಟಂತೆ ಮರಿಗಳಿಗೆ ಹೊಟ್ಟೆ ಕಟ್ಟಿಸಿದೆ. ಅವು ರಾತ್ರಿಯೆಲ್ಲ ಕುಂಯ್‌ಗುಟ್ಟಿದರೆ ಅತ್ತಿಗೆ ಬೆಳಿಗ್ಗೆ ಗೋಡೆಯಾಚೆಯಿಂದ ಕೇಳುತ್ತಿದ್ದರು: “ತಂಡ್ರೀ, ಮರಿಗೆ ಹಾಕಿದೆಯಾ?” ನಾನು ಹಾಕಿದೆ ಎನ್ನುತ್ತಿದ್ದೆ.

ದಳ್ಳಾಳಿ ಬಂದಾಗಲೆಲ್ಲ ಒಂದೇ ರಾಗ. “ಇನ್ನೂ ಚಿಕ್ಕದು ಕೇಳ್ತಾರೆ ಸರ್. ಟೀ ಲೋಟದಲ್ಲಿ ಕೂರೋ ಥರ.”

ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತಿಗೆ ತಲೆಯೆತ್ತದೆ, “ಲೋಟದಲ್ಲಿ ಕೂರೋಕೆ ಅದೇನು ಸಕ್ಕರೆನಾ?” ಎಂದರು.

“ಅಜ್ಜಿ ಜೋಕು” ಎಂದು ಅವನು ನಕ್ಕ. ನಾನೂ ನಕ್ಕೆ.

ಫೋಟೋ ತೆಗೆಯಲು ನನಗೊಂದು ಉಪಾಯ ಹೊಳೆಯಿತು. ಅತ್ತಿಗೆಯ ಅಡುಗೆಮನೆಯಿಂದ ರಾಗಿ ಅಳೆಯುವ ಹಿತ್ತಾಳೆ ಸೇರನ್ನು ತಂದು, ಅದರೊಳಗೆ ಮರಿಯನ್ನು ಕೂರಿಸಿ ಫೋಟೋ ಹಿಡಿದೆ. ಅಂಚಿನ ಮೇಲೆ ಎರಡು ಕಿವಿ, ಎರಡು ಕಣ್ಣು. ದಳ್ಳಾಳಿ ಅದನ್ನು ಫೋನಿನಲ್ಲಿ ಹಂಚಿದ, ಜನ ಮುಗಿಬಿದ್ದರು. ಆಮೇಲೆ ಅದೇ ನನ್ನ ಅಳತೆಯಾಯಿತು. ಎರಡು ತಿಂಗಳಾದರೂ ಸೇರಿನಲ್ಲಿ ಕೂರುವ ಮರಿ ಗೆದ್ದ ಮರಿ.

ಅತ್ತಿಗೆ ಒಂದು ದಿನ ಸೇರನ್ನು ಹುಡುಕುತ್ತಾ ಬಂದು ನೋಡಿದರು. ಮರಿಯನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟು, ಸೇರನ್ನು ಸೆರಗಿನಿಂದ ಒರೆಸಿದರು.

“ಸೇರು ಇರೋದು ಹೊಟ್ಟೆಗೆ ಹಾಕೋಕೆ ತಂಡ್ರೀ. ಹಸಿದಿರೋದನ್ನ ಕೂರಿಸಿ ಅಳೆಯೋಕಲ್ಲ.”

ನನಗೆ ಉರಿಯಿತು. “ಸುಮ್ನಿರಿ ಅತ್ತಿಗೆ. ಗೂಡು ಕಟ್ಟಿದ ಹುಳನ ಬಿಸಿನೀರಿಗೆ ಕಳಿಸೋ ಮನೆಯವರು ನಾವು. ಪಾಪಪುಣ್ಯದ ಮಾತು ನಮ್ ಬಾಯಲ್ಲಿ ಚೆಂದ ಕಾಣಲ್ಲ” ಎಂದೆ.

ಅವರು ಸೇರಿನ ಅಂಚನ್ನು ಇನ್ನೊಮ್ಮೆ ಒರೆಸಿದರು. ಆಮೇಲೆ, “ನಿಜ. ಸಾಯಿಸ್ತೀವಿ. ಆ ಪಾಪ ನನ್ನ ತಲೆ ಮೇಲೇ ಇದೆ” ಎಂದರು. “ಆದ್ರೆ ಬದುಕಿರೋವಷ್ಟು ದಿನ ಅದರ ಹೊಟ್ಟೆ ಖಾಲಿ ಬಿಟ್ಟಿಲ್ಲ. ಕಾಯಿಲೇನ ಬಿತ್ತನೆಗೆ ಇಟ್ಕೊಂಡಿಲ್ಲ.” ಇಷ್ಟು ಹೇಳಿ ಸೇರನ್ನು ತೆಗೆದುಕೊಂಡು ಹೋದರು. ನಾನು ಮುಳಬಾಗಿಲಿನ ಸಂತೆಯಿಂದ ಬೇರೊಂದು ಸೇರು ತಂದೆ.

ಹೀಗೆ ಹುಟ್ಟಿದವುಗಳಲ್ಲಿ ಚಿನ್ನಿ ಎಂಬ ಹೆಣ್ಣೊಂದಿತ್ತು. ಬೆಳೆದು ದೊಡ್ಡದಾದ ಮೇಲೂ ಬೆಕ್ಕಿಗಿಂತ ಚಿಕ್ಕದು. ಓಡಿದರೆ ಹಿಂಗಾಲಿನ ಮಂಡಿಚಿಪ್ಪು ಜಾರಿ ಕುಂಟುತ್ತಿತ್ತು. ಖುಷಿಯಾದರೆ ಕೆಮ್ಮು ಬಂದು ಉಸಿರು ಕಟ್ಟುತ್ತಿತ್ತು. ಒಂದು ಹೊತ್ತಿನ ಊಟ ತಪ್ಪಿದರೆ ಕೈಕಾಲು ಸೆಟೆದು ಬಿದ್ದುಬಿಡುತ್ತಿತ್ತು. ಆಗ ಅತ್ತಿಗೆ ಬೆಲ್ಲದ ನೀರನ್ನು ಬೆರಳಲ್ಲಿ ಅದ್ದಿ ಅದರ ವಸಡಿಗೆ ಸವರಿ ಎಬ್ಬಿಸುತ್ತಿದ್ದರು. ಅದು ಮಲಗುತ್ತಿದ್ದುದೂ ಅವರ ಸೊಪ್ಪಿನ ಬುಟ್ಟಿಯಲ್ಲೇ. ಅದರ ಮೊದಲ ಬಸಿರು ಅರ್ಧಕ್ಕೇ ಹೋಯಿತು. ಅತ್ತಿಗೆ ನನ್ನ ಮುಂದೆ ಕೂತು, “ಇನ್ನೊಂದ್ಸಲ ಇದನ್ನ ಕೂಡಿಸಬೇಡ ತಂಡ್ರೀ. ನಾನು ನಿನ್ನ ಏನೂ ಕೇಳಿಲ್ಲ ಇಷ್ಟು ದಿನ” ಎಂದರು. ಆಗಲಿ ಎಂದೆ. ಅವರ ಕೈ ಹಿಡಿದು ಮಾತು ಕೊಟ್ಟೆ.

ಮಾವಿನ ಕಾಲದಲ್ಲಿ ಅವರು ಉಪ್ಪಿನಕಾಯಿ ಹಾಕಲೆಂದು ತವರಿಗೆ ಹೋದರು. ಚಿನ್ನಿ ಬೆದೆಗೆ ಬಂದಿತ್ತು. ದಳ್ಳಾಳಿ ಫೋನಿನಲ್ಲಿ, “ಒಂದೇ ಒಂದು ಸೂಲು ಸರ್” ಎಂದ. ಅತ್ತಿಗೆ ಊರಿಂದ ಬರುವಷ್ಟರಲ್ಲಿ ನಾನು ಕೊಟ್ಟ ಮಾತು ಮುರಿದಿತ್ತು.

ಬಂದು ಕೆಲವು ವಾರಗಳಾದ ಮೇಲೆ ಬುಟ್ಟಿಯಿಂದ ಚಿನ್ನಿಯನ್ನು ಎತ್ತಿಕೊಂಡಾಗ ಅದು ಬಸಿರೆಂದು ಅವರ ಕೈಗೆ ಗೊತ್ತಾಯಿತು. ನನ್ನನ್ನು ನೋಡಿದರು. ಕೇಳಿದ್ದರೆ ಒಂದು ಸುಳ್ಳು ಸಿದ್ಧವಾಗಿತ್ತು.

ಚಿನ್ನಿಗೆ ನೋವು ಬಂದ ದಿನ ನಾನು ಮಾಲೂರಿನಲ್ಲಿ ದಳ್ಳಾಳಿಯ ಮನೆಯಲ್ಲಿದ್ದೆ. ಎದುರಿಗೆ ಕೊಳ್ಳುವವರು ಕೂತಿದ್ದರು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅತ್ತಿಗೆಯ ಕರೆ. ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಹೊರಗೆ ಬಂದು ನಾನಾಗಿ ಮಾಡಿದಾಗ ಪಕ್ಕದ ಮನೆಯವರು ಎತ್ತಿ, “ನಿಮ್ ಅತ್ತಿಗೆ ಫೋನ್ ಇಲ್ಲೇ ಬಿಟ್ಟು, ಬುಟ್ಟೀಲಿ ನಾಯಿ ಇಟ್ಕೊಂಡು ಕೋಲಾರದ ಬಸ್ ಹತ್ತಿದ್ರು” ಎಂದರು.

ಪಶು ಆಸ್ಪತ್ರೆಯ ಗೇಟಿನ ಒಳಗೆ ಗಾಡಿ ನಿಲ್ಲಿಸಿ, ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಹೊಂಗೆ ಮರದ ಆಚೆ ಜಗಲಿಯ ಬೆಂಚಿನ ಮೇಲೆ ಅತ್ತಿಗೆ ಕೂತಿದ್ದರು. ಬುಟ್ಟಿಯ ಮೇಲೆ ಬಟ್ಟೆ ಹೊದಿಸಿತ್ತು. ಅದನ್ನು ನೋಡಿದಾಗಲೇ ಚಿನ್ನಿ ಹೋಯಿತೆಂದು ತಿಳಿಯಿತು. ಅವರ ಮಡಿಲಲ್ಲಿ ಒಂದೇ ಒಂದು ಮರಿಯಿತ್ತು, ಇಲಿಯಷ್ಟು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವರ ಎದುರು ನಿಂತಿದ್ದರು.

“ಇಷ್ಟು ಚಿಕ್ಕ ನಾಯಿಗೆ ಮರಿ ಹಾಕಿಸ್ತಾರೇನಜ್ಜಿ? ಮರಿ ತಲೆ ಈಚೆ ಬರೋಕೆ ದಾರಿನೇ ಇಲ್ಲ ಅಲ್ಲಿ. ಕೊಯ್ದು ತೆಗೆಯೋಷ್ಟ್ರಲ್ಲಿ ತಾಯಿಗೆ ಶಕ್ತಿನೇ ಇರ್ಲಿಲ್ಲ. ಈ ಮರಿ ನೆತ್ತಿ ನೋಡಿ, ಮೂಳೆನೇ ಕೂಡಿಲ್ಲ. ಇದು ಕೂಡುತ್ತೆ ಅಂತ ನನಗೇನೂ ನಂಬಿಕೆ ಇಲ್ಲ. ಯಾರು ಇದನ್ನೆಲ್ಲ ಮಾಡ್ಸಿದ್ದು?”

“ನಾವೇ ತಾಯಿ” ಎಂದರು ಅತ್ತಿಗೆ.

“ನಿಮ್ ವಯಸ್ಸಿಗಾದ್ರೂ ಬುದ್ಧಿ ಬೇಡ್ವಾ? ಜೀವ ಅಂದ್ರೆ ಆಟದ ಸಾಮಾನಾ?”

“ತಪ್ಪಾಯ್ತಮ್ಮ.”

ಮರದಿಂದ ಜಗಲಿಗೆ ದೂರವೇನಿರಲಿಲ್ಲ. ಹೋಗಿ, ಅವರಲ್ಲ ನಾನು ಎನ್ನಬಹುದಿತ್ತು. ನಾನು ಮಾಡಿದ್ದು ಬೇರೆ. ತೆಗೆದಿದ್ದ ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಿಕೊಂಡು ಮರದ ಮರೆಗೆ ಸರಿದೆ. ಆಗ ಅತ್ತಿಗೆಯ ಕಣ್ಣು ನನ್ನ ಮೇಲೆ ಬಿತ್ತು. ನೋಡಿದರು. ನೋಡಿ, ಡಾಕ್ಟರಮ್ಮ ಆ ಕಡೆ ತಿರುಗದಿರಲೆಂದು ತಟ್ಟನೆ ದೃಷ್ಟಿ ಇಳಿಸಿಬಿಟ್ಟರು. ಆ ಕಪ್ಪು ಹೆಬ್ಬೆರಳು ಮರಿಯ ನೆತ್ತಿಯ ಮೇಲಿತ್ತು, ಮೂಳೆ ಕೂಡದ ಜಾಗವನ್ನು ಮುಚ್ಚಿಕೊಂಡು.

ಡಾಕ್ಟರಮ್ಮ ಒಳಗೆ ಹೋದ ಮೇಲೆ ನಾನು ಹತ್ತಿರ ಹೋದೆ. ಬುಟ್ಟಿಯನ್ನು ಮುಂದಕ್ಕೆ ಕಟ್ಟಿಕೊಂಡೆ. ಅತ್ತಿಗೆ ಮರಿಯನ್ನು ಸೆರಗಿನಲ್ಲಿಟ್ಟುಕೊಂಡು ಹಿಂದೆ ಕೂತರು. ದಾರಿಯಲ್ಲಿ ಆಡಿದ್ದು ಒಂದೇ ಮಾತು.

“ಮನೇಲಿ ಬೆಲ್ಲ ಇಲ್ಲ. ಅಂಗಡಿ ಹತ್ರ ನಿಲ್ಸಪ್ಪ.”

ನಿಲ್ಸಪ್ಪ. ಬೇರೆಯವರ ಮಕ್ಕಳಿಗೆ ಹೇಳುವ ಹಾಗೆ. ಅಂದಿನಿಂದ ಅವರು ನನ್ನನ್ನು ತಂಡ್ರೀ ಎಂದು ಕರೆಯಲಿಲ್ಲ. ಸಾರು ಕಳಿಸುವುದು ನಿಲ್ಲಲಿಲ್ಲ, ಜ್ವರ ಬಂದರೆ ಕಷಾಯ ಮಾಡುವುದು ನಿಲ್ಲಲಿಲ್ಲ. ಊರವರ ಮುಂದೆ ಆಸ್ಪತ್ರೆಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಆ ಪದವೊಂದು ಮಾತ್ರ ಹೋಯಿತು.

ಚಿನ್ನಿಯನ್ನು ಸೊಪ್ಪಿನ ತೋಟದ ಬದುವಿನಲ್ಲಿ ಹೂಳಿದೆ. ದಳ್ಳಾಳಿಗೆ ಇನ್ನು ಬರಬೇಡ ಎಂದೆ. ಉಳಿದ ನಾಯಿಗಳಿಗೆ ಮರಿಯಾಗದ ಆಪರೇಷನ್ ಮಾಡಿಸಿ, ನೋಡಿಕೊಳ್ಳುವಂಥ ಮನೆಗಳಿಗೆ ಕೊಟ್ಟೆ. ಆದರೆ ಅದಕ್ಕೆ ಮುಂಚೆ ನಾನು ಮಾರಿದವು ಎಲ್ಲೆಲ್ಲೋ ಯಾರ್‍ಯಾರದೋ ಸೋಫಾದ ಮೇಲೆ ಸೆಟೆದು ಬಿದ್ದಿರಬಹುದು. ಬಿದ್ದಾಗ ಬೆಲ್ಲದ ನೀರು ಸವರಬೇಕೆಂದು ಆ ಮನೆಯವರಿಗೆ ನಾನು ಹೇಳಿಕಳಿಸಿರಲಿಲ್ಲ. ಹೇಳಿದರೆ ಕೊಳ್ಳುವುದಿಲ್ಲ ಎಂಬ ಭಯ.

ಮರಿ ಬದುಕಿತು. ಬದುಕಿಸಿದ್ದು ಅತ್ತಿಗೆ. ಅದಕ್ಕೆ ಹೆಸರಿಡಲಿಲ್ಲ. ಒಂದು ಸಂಜೆ ಗೋಡೆಯಾಚೆಯಿಂದ “ತಂಡ್ರೀ, ಬಾ ಉಣ್ಣು” ಎಂದು ಕೇಳಿ, ನಾನು ಎದ್ದು ಹೊಸ್ತಿಲು ದಾಟಿದೆ. ಅವರು ಮರಿಯನ್ನು ಕರೆಯುತ್ತಿದ್ದರು. ನನ್ನನ್ನು ನೋಡಿ, “ಏನಪ್ಪ, ಏನಾದ್ರೂ ಬೇಕಿತ್ತಾ?” ಎಂದರು. ಏನೂ ಇಲ್ಲ ಎಂದು ವಾಪಸಾದೆ.

ಹೋದ ಚಳಿಗಾಲದಲ್ಲಿ ಅತ್ತಿಗೆ ಮಲಗಿದವರು ಏಳಲಿಲ್ಲ. ಹುಳುಮನೆ ಬಾಗಿಲು ಹಾಕಿ ಎಷ್ಟೋ ದಿನವಾಗಿತ್ತು, ಬೆರಳಿನ ಕಪ್ಪು ಮಾತ್ರ ಮಾಸಿರಲಿಲ್ಲ. ಕೊನೆಯ ಮಧ್ಯಾಹ್ನ ನಾನು ಪಕ್ಕದಲ್ಲಿದ್ದೆ. “ತಂಡ್ರೀ” ಎಂದರು. ಈ ಸಲ ನಾನು ಮೋಸಹೋಗಲಿಲ್ಲ. ನಾಯಿಯನ್ನು ಎತ್ತಿ ಅವರ ಕೈಯ ಕೆಳಗೆ ಮಲಗಿಸಿದೆ. ಹೆಬ್ಬೆರಳು ತಾನಾಗಿ ಅದರ ನೆತ್ತಿಯನ್ನು ಹುಡುಕಿಕೊಂಡಿತು. ಆಮೇಲೆ ನನ್ನ ಕಡೆ ತಿರುಗಿ, “ಹೊಟ್ಟೆ ತುಂಬ ಹಾಕಪ್ಪ ಇದಕ್ಕೆ” ಎಂದರು. ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ತಿಥಿ ಕಳೆದ ಮೇಲೆ ನಾಯಿಯನ್ನು ಕೋಲಾರಕ್ಕೆ ಕರೆದುಕೊಂಡು ಹೋದೆ. ಅದೇ ಡಾಕ್ಟರಮ್ಮ ಇದ್ದರು. ಸರದಿ ಬಂದಾಗ, ಅವತ್ತು ಬುಟ್ಟಿಯಲ್ಲಿ ತಾಯಿನಾಯಿಯನ್ನು ತಂದಿದ್ದ ಅಜ್ಜಿ ನೆನಪಿದ್ದಾರೆಯೇ ಎಂದು ಕೇಳಿದೆ.

“ಯಾವಜ್ಜಿ? ದಿನಾ ಎಷ್ಟೋ ಜನ ಬರ್ತಾರೆ ತಾತ.”

“ನೀವು ಬೈದಿದ್ರಿ. ಅವರದೇನೂ ತಪ್ಪಿರ್ಲಿಲ್ಲಮ್ಮ. ಸಣ್ಣದಾಗ್ಲಿ ಅಂತ ಮಾಡ್ಸಿದ್ದೆಲ್ಲ ನಾನು. ಅವತ್ತು ನಾನೂ ಇಲ್ಲೇ ಇದ್ದೆ. ಆ ಮರದ ಹಿಂದೆ.”

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ನೆನಪು ಹತ್ತಲಿಲ್ಲ. ನಾನು ಹೇಳಬೇಕಾದ ದಿನ ಹೇಳಿದ್ದರೆ ಆ ಬೈಗುಳ ಅತ್ತಿಗೆಯ ತಲೆಯಿಂದ ಇಳಿಯುತ್ತಿತ್ತು. ಈಗ ಇಳಿಸಿಕೊಳ್ಳಲು ಅವರಿಲ್ಲ, ಬೈದವರಿಗೆ ಬೈದದ್ದೂ ನೆನಪಿಲ್ಲ. ಡಾಕ್ಟರಮ್ಮ ನಾಯಿಯ ತಲೆಯನ್ನು ಮುಟ್ಟಿ ನೋಡಿ, “ಇನ್ನೂ ಮೆತ್ತಗೇ ಇದೆ. ಎತ್ಕೊಳ್ಳೋವಾಗ ಇಲ್ಲಿ ಕೈ ಅಡ್ಡ ಇಟ್ಕೊಳಿ” ಎಂದು ಕೈ ತೊಳೆಯಲು ಹೋದರು.

ಬಸ್ಸಿನಲ್ಲಿ ಕೂತು ಅದನ್ನು ಮಡಿಲಲ್ಲಿಟ್ಟುಕೊಂಡೆ. ವೇಮಗಲ್ ರಸ್ತೆಯ ಕುಲುಕಾಟಕ್ಕೆ ಅದು ನಡುಗುತ್ತಿತ್ತು. ಅತ್ತಿಗೆಯ ಹೆಬ್ಬೆರಳಿದ್ದ ಜಾಗದ ಮೇಲೆ ನನ್ನ ಹೆಬ್ಬೆರಳಿಟ್ಟೆ. ಕೂದಲ ಕೆಳಗೆ ತೆಳ್ಳನೆಯ ಚರ್ಮ, ಚರ್ಮದ ಕೆಳಗೆ ಮೂಳೆಯಿಲ್ಲ; ಒಳಗಿನದು ಮಿಡಿಯುವುದು ನೇರವಾಗಿ ಬೆರಳಿಗೆ ತಾಗಿತು. ಊರು ಬರುವವರೆಗೂ ಬೆರಳು ತೆಗೆಯಲಿಲ್ಲ.