ಚರ್ಚಿನೊಳಗೆ ಹಸೆಹಾಡು

ನನ್ನ ಗಂಡ ಸತ್ತ ಮೇಲೆ ಹಾಡೋಕೆ ಅಂತ ಯಾರೂ ನನ್ನ ಕರೀಲಿಲ್ಲ. ಅದಕ್ಕೆ ಮುಂಚೆ ಸುಗಟೂರಲ್ಲಿ ಯಾರ ಮನೆ ಮದುವೆ ಆದರೂ ಹಸೆಹಾಡಿಗೆ ನಾನೇ ಬೇಕಿತ್ತು. ಹೆಣ್ಣುಗಂಡನ್ನ ಹಸೆಮಣೆ ಮೇಲೆ ಕೂರಿಸೋವಾಗ ಹೇಳೋ ಸೋಬಾನೆ ಪದ ಅದು. ಒಬ್ಬರು ಹೇಳೋ ಹಾಡಲ್ಲ. ಹಸೆ ಯಾರು ಬರೆದರು ಅಂತ ಒಬ್ಬಳು ಕೇಳಬೇಕು, ಅಕ್ಕ ಬರೆದಳು ಅಂತ ಇನ್ನೊಬ್ಬಳು ಹೇಳಬೇಕು. ಕೇಳೋಳು ನಾನು, ಹೇಳೋಳು ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ಅವಳು ಎತ್ತಿಕೊಂಡರೆ ಅವಳ ಹಿಂದೆ ಮಿಕ್ಕ ಹೆಂಗಸರು ಎತ್ತಿಕೊಳ್ಳೋರು. ನನ್ನ ಸೊಲ್ಲು ಮುಗಿಯೋ ಮೊದಲೇ ಅವಳು ನುಗ್ಗೋಳು. ನಾನು ಅಷ್ಟರಲ್ಲಿ ಉಸಿರು ಎಳಕೊಳ್ಳುತಿದ್ದೆ.

ಮುಂಡೆ ಬಾಯಲ್ಲಿ ಸೋಬಾನೆ ಬರಬಾರದು. ನಮ್ಮ ಕಡೆ ಪದ್ಧತಿ ಅದು. ಯಾರೂ ನನಗೆ ಬಾಯಿಬಿಟ್ಟು ಹೇಳಲಿಲ್ಲ. ಮದುವೆಗಳಾದವು, ನನ್ನ ಬಿಟ್ಟು ಹಾಡಿದರು, ಅಷ್ಟೆ.

ಮಕ್ಕಳಿರಲಿಲ್ಲ. ಕೋಲಾರಕ್ಕೆ ಬಂದು ಚರ್ಚಿನಲ್ಲಿ ಕಸ ಗುಡಿಸೋ ಕೆಲಸಕ್ಕೆ ಸೇರಿಕೊಂಡೆ. ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷ ಆಗಿತ್ತು. ಇಂಗ್ಲೀಷರು ಕಟ್ಟಿಸಿದ ಕಲ್ಲಿನ ಚರ್ಚು. ಗೋಡೆ ತುಂಬ ಸತ್ತ ದೊರೆಗಳು, ದೊರೆಸಾನಿಗಳ ಹೆಸರು ಕೊರೆದ ಹಿತ್ತಾಳೆ ತಗಡು. ಹುಣಸೆಹಣ್ಣು ಹಚ್ಚಿ ಅವನ್ನ ಉಜ್ಜಬೇಕು, ಬೆಂಚು ಒರೆಸಬೇಕು. ಇರೋಕೆ ಹಿಂದುಗಡೆ ಒಂದು ಹೆಂಚಿನ ಕೋಣೆ. ನಾನು ಅವರ ಮತದೋಳಲ್ಲ. ಸೇರು ಅಂತ ಯಾರೂ ಹೇಳಲೂ ಇಲ್ಲ. ಭಾನುವಾರ ಜನ ತುಂಬೋರು. ಮಿಕ್ಕ ದಿನ ಪಾರಿವಾಳ. ಒಂದೊಂದು ದಿನ ಸಂಜೆಗೆ ಲೆಕ್ಕ ಹಾಕಿದರೆ ನಾನು ಬಾಯಿ ತೆಗೆದಿದ್ದು ಪಾರಿವಾಳ ಓಡಿಸೋಕೆ ಮಾತ್ರ ಆಗಿರೋದು.

ಆಮೇಲೆ ಮೈಸೂರು ಕಡೆಯಿಂದ ಹೊಸ ಅಯ್ಯನೋರು ಬಂದರು. ಚರ್ಚಿನ ಗುರುಗಳನ್ನ ನಾವು ಹಾಗೇ ಕರೀತಿದ್ದುದು. ತಿಂಗಳಿಗೊಂದು ಶನಿವಾರ ಸಾಯಂಕಾಲ ಬಾಗಿಲು ತೆಗೆದಿಡೋದು, ಯಾವ ಜಾತಿಯೋರು ಯಾವ ದೇವರೋರು ಬೇಕಾದರೂ ಬಂದು ಹಾಡಲಿ, ಬಾರಿಸಲಿ ಅಂತ ಶುರು ಮಾಡಿದರು. ಶಿವಾರಪಟ್ಟಣದ ಆಚಾರಿಯೊಬ್ಬರು ಅರ್ಧ ಕೆತ್ತಿದ ಕಲ್ಲು ತಂದು ಮೆಟ್ಟಿಲ ಹತ್ತಿರವೇ ಕೂತು ಕೆತ್ತಿದರು. ಆ ಪುಡಿ ಗುಡಿಸೋಳು ನಾನೇ. ದೇವಸ್ಥಾನದ ಓಲಗದೋರು ಬಂದು ಊದಿದ ದಿನ ಕಲ್ಲುಗೋಡೆ ಗುಂಯ್ ಅಂತು. ಚರ್ಚಿನ ಸಭೆಯ ಹಿರಿಯರೊಬ್ಬರಿಗೆ ಸರಿಬರಲಿಲ್ಲ.

"ಇವತ್ತು ಓಲಗ, ನಾಳೆ ತಮಟೆ. ನಾಡಿದ್ದು ಕರಗಾನೂ ಕುಣಿಸ್ತೀರಾ ಅಯ್ಯನೋರೇ?" ಅಂದರು.

"ಕುಣಿಯೋರು ಸಿಕ್ಕರೆ ಹೇಳಿ, ಬೆಂಚು ಸರಿಸೋಣ," ಅಂದರು ಅಯ್ಯನೋರು.

ಅವರ ಹೆಂಡತಿ ಅಮ್ಮನೋರು ಮಾತುಗಾತಿ. ಒಂದಿನ ತಗಡು ಉಜ್ಜುತಾ ಇದ್ದವಳ ಹತ್ತಿರ ಬಂದು, "ನಿಮ್ಮೂರಲ್ಲಿ ನೀನೇನು ಹಾಡ್ತಿದ್ದೆ?" ಅಂತ ಕೇಳಿದರು.

"ಹಸೆಹಾಡು. ಈಗ ಹಾಡಲ್ಲಮ್ಮ. ಗಂಡ ಸತ್ತೋದ."

"ಅವನೇನು ತಾಳ ಹಾಕ್ತಿದ್ನಾ?"

"ಅವನು ಹಾಕ್ತಿದ್ದುದು ಗೊರಕೆ."

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವರು, ಇಲ್ಲಿ ನಿನ್ನ ಯಾರೂ ತಡೆಯಲ್ಲ, ಮುಂದಿನ ತಿಂಗಳು ಹಾಡು ಅಂದರು. ನನಗೆ ಆಸೆ ಬಂತು. ಸುಳ್ಳು ಯಾಕೆ ಹೇಳಲಿ. ಚರ್ಚಿನಲ್ಲಿ ಹಾಡಬೇಕು ಅಂತಲ್ಲ. ಓರಗಿತ್ತಿ ನನ್ನ ಸೊಲ್ಲು ಎತ್ತಿಕೊಳ್ಳೋದನ್ನ ಇನ್ನೊಂದು ಸಲ ಕೇಳಬೇಕು ಅಂತ.

ಬಸ್ಸು ಹತ್ತಿ ಸುಗಟೂರಿಗೆ ಹೋದೆ. ಅವಳು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕ್ತಿದ್ದಳು. ಮುಳಬಾಗಿಲು ಕಡೆ ತೆಲುಗು ಮನೆಯ ಹುಡುಗಿ, ನನ್ನ ಕಂಡರೆ ಮೊದಲ ಮಾತು ತೆಲುಗಲ್ಲೇ.

"ಏಮಕ್ಕಾ, ದಾರಿ ತಪ್ಪಿ ಬಂದ್ಯಾ?"

"ಚರ್ಚಿನಲ್ಲಿ ಹಾಡ್ತೀನಿ ಕಣೆ. ನೀನು ಬರಬೇಕು."

"ದೊರೆಗಳ ಗುಡೀಲಾ? ಬಿಡ್ತಾರಾ ನಮ್ಮನ್ನ? ಬರ್ತೀನಿ ಬಿಡಕ್ಕ, ನಾನೂ ಒಳಗೆ ನೋಡ್ದಂಗಾಯ್ತದೆ."

ಏನು ಹಾಡು ಅಂತ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಾವಿಬ್ಬರೂ ಕೂಡಿ ಹಾಡ್ತಿದ್ದುದು ಅದೊಂದೇ, ಇನ್ನೇನು ಹೇಳೋದು ಅಂದುಕೊಂಡೆ.

ಶನಿವಾರ ಅವಳು ಬಂದಳು. ಹೊಸ ಸೀರೆ, ತಲೆ ತುಂಬ ಕನಕಾಂಬರ. ಮುಂದಿನ ಬೆಂಚಿನಲ್ಲೇ ಕೂರಿಸಿದೆ. ಮೊದಲು ಚರ್ಚಿನ ಹುಡುಗಿಯರು ಕಾಲಲ್ಲಿ ತುಳಿಯೋ ಹಾರ್ಮೋನಿಯಂ ಜೊತೆ ಹಾಡಿದರು. ಪೇಟೆಯ ಸಾಬರೊಬ್ಬರು ಕಣ್ಣು ಮುಚ್ಚಿಕೊಂಡು ಉರ್ದುನಲ್ಲಿ ಹಾಡಿದರು. ಆಮೇಲೆ ಅಯ್ಯನೋರು ನನ್ನ ಕಡೆ ಕೈ ತೋರಿಸಿದರು.

ಎದ್ದು ನಿಂತು ಮೊದಲ ಸೊಲ್ಲು ಹೇಳಿದೆ. ಹಸೆ ಯಾರು ಬರೆದರು ಅಂತ ಕೇಳಿದೆ. ಅಷ್ಟು ವರ್ಷ ಮುಚ್ಚಿದ್ದ ಗಂಟಲು, ಆದರೂ ಕಲ್ಲುಕಟ್ಟಡ ಅದನ್ನ ದೊಡ್ಡದು ಮಾಡಿ ಮೇಲಕ್ಕೆ ಒಯ್ದಿತು. ನಿಲ್ಲಿಸಿದೆ. ಓರಗಿತ್ತಿ ಕಡೆ ನೋಡಿದೆ.

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತಾ ತಲೆ ಬಗ್ಗಿಸಿದ್ದಳು.

ಎತ್ತಿಕೊಳ್ಳದೆ ಇದ್ದರೆ ಇನ್ನೊಂದು ಸಲ ಹೇಳೋದು ವಾಡಿಕೆ. ಹೇಳಿದೆ. ಜನ ಎಲ್ಲ ಪ್ರಾರ್ಥನೆಗೆ ಕೂತಂಗೆ ಕೈಕಟ್ಟಿ ಕೂತಿದ್ದರು. ಹಾಡೋವಾಗ ಸದ್ದು ಮಾಡಬಾರದು ಅನ್ನೋದು ಅವರ ಮರ್ಯಾದೆ. ಕರಗದ ಮಾತೆತ್ತಿದ ಆ ಹಿರಿಯರು, ಮುಗೀತು ಅಂದುಕೊಂಡರೇನೋ, ಚಪ್ಪಾಳೆ ತಟ್ಟಿದರು. ಅವರ ಹೆಂಡತಿ ಮೊಣಕೈಯಿಂದ ತಿವಿದಳು. ಓರಗಿತ್ತಿ ತಲೆ ಎತ್ತಲಿಲ್ಲ.

ಇನ್ನೇನು ಮಾಡೋದು. ಅಕ್ಕ ಬರೆದಳು ಅಂತ ನಾನೇ ಹೇಳಿದೆ. ಮಣೆ ಯಾರು ಹಾಕಿದರು ಅಂತ ಕೇಳಿದೆ, ಅತ್ತಿಗೆ ಹಾಕಿದಳು ಅಂತಲೂ ನಾನೇ ಹೇಳಿದೆ. ಹೀಗೆ ಕೊನೇವರೆಗೂ ನಾನೇ ಕೇಳಿ ನಾನೇ ಹೇಳಿದೆ. ಉಸಿರು ಎಳಕೊಳ್ಳೋಕೆ ಜಾಗ ಇಲ್ಲ. ಮುಗಿಯೋ ಹೊತ್ತಿಗೆ ಕಣ್ಣಿಗೆ ಕತ್ತಲೆ ಬಂದಿತ್ತು. ಜನ ತುಂಬ ಹೊತ್ತು ಚಪ್ಪಾಳೆ ತಟ್ಟಿದರು. "ಒಬ್ಬಳೇ ಅಷ್ಟೂ ಹಾಡಿಬಿಟ್ಟೆಯಲ್ಲಮ್ಮ!" ಅಂತ ಅಯ್ಯನೋರು ಸಂತೋಷಪಟ್ಟರು.

ಬಸ್‌ಸ್ಟ್ಯಾಂಡಿನವರೆಗೆ ಓರಗಿತ್ತಿ ಜೊತೆ ನಡೆದೆ. ದಾರೀಲಿ ಕೇಳಿದೆ.

"ಯಾಕೆ ಎತ್ತಿಕೊಳ್ಳಲಿಲ್ಲ?"

"ನನ್ನ ಗಂಡ ಬದುಕವ್ನೆ ಅಕ್ಕ."

"ಗೊತ್ತು."

"ನೀನು ಹಸೆಹಾಡು ಹೇಳ್ತೀಯ ಅಂತ ನಾನಂದ್ಕೊಂಡಿರಲಿಲ್ಲ. ಯಾವುದೋ ದೇವರ ಪದ ಅಂದ್ಕೊಂಡೆ. ನಿನ್ನ ಬಾಯಿಂದ ಬಂದಿದ್ದನ್ನ ನಾನೆತ್ಕೊಂಡು, ನಾಳೆ ಅವನಿಗೆ ತಲೆನೋವು ಬಂದ್ರೂ ನಮ್ಮತ್ತೆ ಯಾರನ್ನ ಅಂತಾಳೆ ಹೇಳು?"

"ಅತ್ತೆ ಇಲ್ಲಿರಲಿಲ್ಲವಲ್ಲೇ."

"ನಾನಿದ್ದೆನಲ್ಲ." ಬಸ್‌ಸ್ಟ್ಯಾಂಡು ಹತ್ತಿರ ಬಂದ ಮೇಲೆ, "ಒಳಗೊಳಗೇ ಎತ್ಕೊಂಡೆ ಅಕ್ಕ, ಒಂದು ಸೊಲ್ಲೂ ಬಿಡಲಿಲ್ಲ," ಅಂದಳು.

"ಒಳಗೆ ಎತ್ಕೊಂಡರೆ ನನಗೆ ಕೇಳ್ತದಾ?"

ಬಸ್ಸು ನಿಂತಿತ್ತು. ಅವಳು ಹತ್ತಿ ಕೂತಳು. ನಾನು ವಾಪಸ್ಸು ಬಂದು ಬೆಂಚು ಸರಿ ಮಾಡಿ ನೆಲ ಗುಡಿಸಿದೆ. ಮಾರನೇ ದಿನ ಭಾನುವಾರ.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಗಂಡ ಇದ್ದಿದ್ದರೆ ನಾನೂ ಹಾಗೇ ತಲೆ ಬಗ್ಗಿಸಿ ಕೂರುತಿದ್ದೆ. ಆಮೇಲೂ ರೇಷ್ಮೆಗೂಡು ಮಾರೋಕೆ ಬಂದಾಗ ನನ್ನ ಕೋಣೇಲಿ ಟೀ ಕುಡಿದು ಹೋಗೋಳು. ಹಾಡಿನ ಸುದ್ದಿ ಇಬ್ಬರೂ ತೆಗೀಲಿಲ್ಲ.

ನಡೆದಿದ್ದನ್ನ ಅಮ್ಮನೋರಿಗೆ ಹೇಳಿದೆ. ಅವರು ಬಿಡೋ ಪೈಕಿ ಅಲ್ಲ. ಚರ್ಚಿನ ಹುಡುಗಿಯರನ್ನ ಕೂರಿಸಿ ಹೇಳೋ ಪಾಲು ಅವರಿಗೆ ನನ್ನಿಂದಲೇ ಕಲಿಸಿದರು. ಒಳ್ಳೆ ಹುಡುಗಿಯರು. ತಪ್ಪಿಲ್ಲದೆ ಕಲಿತರು, ದನಿ ಗೆಜ್ಜೆ ಇದ್ದಂಗಿತ್ತು. ಆದರೆ ಅವರಿಗೆ ಕಾಯೋದು ಅಭ್ಯಾಸ. ನನ್ನ ಸೊಲ್ಲು ಪೂರ್ತಿ ಮುಗಿದು, ಗೋಡೇಲಿ ಅದರ ಸದ್ದು ಅಡಗಿ, ಹಾರ್ಮೋನಿಯಂ ಹುಡುಗಿ ತಲೆ ಆಡಿಸಿದ ಮೇಲೇನೇ ಅವರು ಶುರು ಮಾಡೋರು. ನುಗ್ಗಿ ಬನ್ನಿ ಅಂತ ಎಷ್ಟು ಹೇಳಿದರೂ, ದೊಡ್ಡೋರು ಹಾಡ್ತಿರುವಾಗ ಹೇಗಮ್ಮ ನುಗ್ಗೋದು ಅನ್ನೋರು. ಆ ಸಂದೀಲಿ ಪ್ರತಿ ಸಲವೂ ನಾನು ಒಬ್ಬಳೇ ನಿಂತಿರುತಿದ್ದೆ. ಏನೂ ಇಲ್ಲ ಅನ್ನೋದಕ್ಕಿಂತ ವಾಸಿ ಅಂತ ಕೆಲವು ವರ್ಷ ಹಾಡಿದೆ. ಆಮೇಲೆ ಗಂಟಲು ಕೆಟ್ಟಿತು, ಬಿಟ್ಟೆ.