ಕಾಕಾ ನಿಲ್ಲಿಸದ ಕರಡಿ

ತೇರದಾಳದ ನಮ್ಮ ಕರಡಿ ಮಜಲಿಗೆ, ಅಂದರೆ ವಾದ್ಯಮೇಳಕ್ಕೆ, ಜಪಾನಿನಿಂದ ಕರೆ ಬಂತು. ಕರಡಿ ಎಂದರೆ ಸೊಂಟಕ್ಕೆ ಕಟ್ಟಿ ಬಾರಿಸುವ ವಾದ್ಯ. ಅದನ್ನು ಬಾರಿಸುವವರು ನನ್ನ ಕಾಕಾ, ತಾಳ ಹಾಕುವವನು ನಾನು, ಸನಾದಿ ಊದುವವರು ಇನ್ನಿಬ್ಬರು. ಬೇಸಿಗೆಯ ಉತ್ಸವ, ಬಯಲಿನಲ್ಲಿ ಬೆಳತನಕ ಸಂಗೀತ ಎಂದು ಕೇಳಿ ಕಾಕಾ ಒಪ್ಪಿದರು. ಬೆಳತನಕ ಎಂಬುದು ಇಡೀ ಉತ್ಸವಕ್ಕೆ, ನಮಗೆ ಅರ್ಧ ತಾಸು ಮಾತ್ರ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಅರ್ಧ ತಾಸಿನಲ್ಲಿ ಕೈ ಕಾಯುವುದೂ ಇಲ್ಲ ಎಂದು ಕಾಕಾ ಗೊಣಗಿದರು.

ನಮ್ಮ ಕಡೆ ಮಜಲು ನಿಲ್ಲಿಸಲು ಒಂದು ಪದ್ಧತಿ ಇದೆ. ಹಿರಿಯರು ಎದುರಿಗೆ ಬಂದು ಕೈಮುಗಿಯುತ್ತಾರೆ. ಆಗ ಇನ್ನಷ್ಟು ಜೋರಾಗಿ ಒಂದು ಸುತ್ತು ಬಾರಿಸಬೇಕು. ಕೈಮುಗಿದ ಕೂಡಲೇ ನಿಲ್ಲಿಸಿದರೆ ಬಾರಿಸುವವನಿಗೆ ಕಸುವಿಲ್ಲ ಎಂದರ್ಥ.

ನಮ್ಮ ಸರದಿ ಬಂದದ್ದು ಬೆಳಗಿನ ಜಾವ ಮೂರರ ಹೊತ್ತಿಗೆ. ಗುಡಾರಗಳಲ್ಲಿ ಮಲಗಿದ್ದವರು ಎದ್ದು ಬಂದು ಹುಲ್ಲಿನ ಮೇಲೆ ಕುಣಿಯತೊಡಗಿದರು. ಹೊತ್ತು ಮುಗಿಯಿತು. ವೇದಿಕೆ ನೋಡಿಕೊಳ್ಳುವವರು ಬದಿಯಲ್ಲಿ ನಿಂತು ಬಗ್ಗಿ ನಮಸ್ಕರಿಸಿದರು. ಕಾಕಾ ವೇಗ ಹೆಚ್ಚಿಸಿದರು. ಅವರು ಇನ್ನೂ ಕೆಳಗೆ ಬಗ್ಗಿದರು. ಕಾಕಾ ಇನ್ನೂ ಹೆಚ್ಚಿಸಿದರು. ಅವರು ಮತ್ತೊಬ್ಬರನ್ನು ಕರೆತಂದರು, ಇಬ್ಬರೂ ಬಗ್ಗಿದರು. ಇಷ್ಟು ಮರ್ಯಾದೆ ಕಾಕಾ ಊರಿನಲ್ಲಿ ಕಂಡಿರಲಿಲ್ಲ. ಕೊನೆಗೆ ನಾನೇ ತಾಳ ನಿಲ್ಲಿಸಿದೆ. ತಾಳವಿಲ್ಲದೆ ಕರಡಿ ನಡೆಯುವುದಿಲ್ಲ.

"ತಾಳ ಯಾಕ ಬಿಟ್ಟಿಲೇ?"

"ಟೈಮ್ ಆಗೇತ್ರಿ ಕಾಕಾ. ಅವ್ರು ನಿಲ್ಲಸ್ರಿ ಅಂತ ಬಗ್ಗಾಕತ್ತಾರ."

"ಹಂಗಂತ ಬಾಯಿಬಿಟ್ಟು ಹೇಳಬೇಕಿಲ್ಲ?"

ನಮ್ಮ ನಂತರ ಗಿಟಾರು ಹಿಡಿದ ಒಬ್ಬ ಹುಡುಗಿ ಬಂದಳು. ಎರಡು ಹಾಡು ಹಾಡಿ, ಜನರಿಗೆ ನಮಸ್ಕರಿಸಿ ಇಳಿದುಬಿಟ್ಟಳು. ಇಷ್ಟು ಬೇಗ ಯಾಕೆ ಎಂದು ಕಾಕಾ ನಮ್ಮ ಜೊತೆಗಿದ್ದ, ಹಿಂದಿ ಬಲ್ಲ ದುಭಾಷಿಯನ್ನು ಕೇಳಿದರು. ನಾವು ಹೆಚ್ಚು ಬಾರಿಸಿದ ಹೊತ್ತನ್ನು ಅವಳ ಪಾಲಿನಿಂದ ಕಡಿದರಂತೆ. ಅವಳಿಗೇನೂ ಬೇಜಾರಿಲ್ಲವಂತೆ ಎಂದೂ ದುಭಾಷಿ ಹೇಳಿದಳು. ಕಾಕಾ ಚಹದ ಕಪ್ಪು ಹಾಗೇ ಕೆಳಗಿಟ್ಟರು.

"ಆಕಿ ಹಾಡು ನಾ ತಿಂದೇನಿ. ಅದನ್ನ ಕೇಳಿನ ಹೋಗೂದು."

ಕಲಾವಿದರ ಗುಡಾರದ ಹಿಂದೆ ಅವಳು ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದಳು. ಉಳಿದ ಹಾಡು ಕೇಳಬೇಕಂತೆ ಎಂದು ದುಭಾಷಿ ಹೇಳಿದಾಗ, ಬೇಡ, ಪರವಾಗಿಲ್ಲ ಎಂದು ಮತ್ತೆ ಮತ್ತೆ ಬಗ್ಗಿದಳು. ಕಾಕಾ ಅವಳೆದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ನಾವೂ ಕುಳಿತೆವು. ಬೇರೆ ದಾರಿ ಕಾಣದೆ ಅವಳು ಗಿಟಾರನ್ನು ಹೊರತೆಗೆದಳು.

ತೀರಾ ಮೆಲ್ಲಗೆ ಹಾಡಿದಳು. ಒಂದಕ್ಷರವೂ ನಮಗೆ ತಿಳಿಯಲಿಲ್ಲ. ಬೆರಳು ತಾನಾಗಿ ತಾಳ ಹಾಕೀತು ಎಂದು ಕಾಕಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು. ಹಾಡು ಮುಗಿಯುವ ಹೊತ್ತಿಗೆ ಗುಡ್ಡದ ಮೇಲೆ ಬೆಳಕು ಹರಿದಿತ್ತು. ಅವಳು ಕಣ್ಣೊರೆಸಿಕೊಂಡಳು. ಕಾಕಾ ಹೆಗಲ ಮೇಲಿನ ವಲ್ಲಿ ತೆಗೆದು, ಸನ್ಮಾನದ ಶಾಲಿನಂತೆ ಅವಳ ಗಿಟಾರಿಗೆ ಹೊದಿಸಿದರು.

ಹೆಂಗಿತ್ತು ಎಂದು ಬಸ್ಸಿನಲ್ಲಿ ಕೇಳಿದೆ.

"ಛಲೋ ಹಾಡತಾಳ," ಎಂದರು ಕಾಕಾ. "ಆದ್ರ ಕರಡಿ ಆದಮ್ಯಾಗ ಆಕೀನ ಇಡಬಾರದಿತ್ತು." ಆಮೇಲೆ ಬಸ್ಸು ನಿಲ್ಲುವತನಕ ಗೊರಕೆ ಹೊಡೆದರು.