ಲಿಂಗಮ್ಮನ ಚೌಡಿ

ಭದ್ರಾವತಿಯ ಕಾರ್ಖಾನೆ ಗೇಟಿನ ಮುಂದೆ ಮಂಡಕ್ಕಿ ಮಾರುತ್ತಿದ್ದ ಲಿಂಗಮ್ಮನ ಬಾಯಿಗೆ ಹೆದರದವರು ಅವಳ ಬೀದಿಯಲ್ಲಿ ಯಾರೂ ಇರಲಿಲ್ಲ. ಕೆಣಕಿದವನ ವಂಶವನ್ನೇ ಜಾಲಾಡಿಬಿಡುವಳು. ಅಂಥ ಹೆಂಗಸು ತಲೆ ಬಾಗುತ್ತಿದ್ದುದು ಒಂದೇ ಕಡೆ. ಶಿವಮೊಗ್ಗದ ರಸ್ತೆಯ ಅಂಚಿನಲ್ಲಿ, ಅವಳ ಮನೆಯೆದುರು, ಮೊಣಕಾಲೆತ್ತರಕ್ಕೆ ನಿಂತಿದ್ದ ಚೌಡಿಯ ಕಲ್ಲಿಗೆ.

ಮಗಳು ಜಯಾಳಿಗೆ ಸಿಡುಬು ಎದ್ದು, ಇನ್ನು ಉಳಿಯುವುದಿಲ್ಲ ಎಂದು ಎಲ್ಲರೂ ಕೈಚೆಲ್ಲಿದಾಗ ಲಿಂಗಮ್ಮ ಆ ಕಲ್ಲಿನ ಮುಂದೆ ಕೂತು ಅತ್ತಿದ್ದಳು. ಮಗು ಉಳಿಯಿತು. ಅಂದಿನಿಂದ ದಿನವೂ ಎಣ್ಣೆ, ಅರಿಸಿನ, ಕುಂಕುಮ. ಪದರದ ಮೇಲೆ ಪದರ ಮೆತ್ತಿಕೊಂಡು, ಕಲ್ಲು ಮೊದಲು ಹೇಗಿತ್ತೆಂಬುದೇ ಯಾರಿಗೂ ನೆನಪಿಲ್ಲದಂತಾಯಿತು.

ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಸರ್ವೆಯ ಚಂದ್ರಶೇಖರಪ್ಪ ಬಂದರು. ಊರಿಗೆ ನಲ್ಲಿ ನೀರು ತರಲು ಎತ್ತರ ತಗ್ಗು ಅಳೆಯಬೇಕಿತ್ತು. ಅದಕ್ಕೆ ಹಿಂದಿನ ಸರ್ವೆಯವರು ಎತ್ತರ ಗೊತ್ತುಮಾಡಿ ನೆಟ್ಟ ಮಟ್ಟದ ಕಲ್ಲೊಂದು ಸಿಗಬೇಕಿತ್ತು. ಹುಡುಕಿ ಹುಡುಕಿ ಸಾಕಾಗಿದ್ದವರು ಚೌಡಿಯ ಮುಂದೆ ನಿಂತುಬಿಟ್ಟರು.

"ಅಮ್ಮಾ, ಸ್ವಲ್ಪ ಕೆರೆದು ನೋಡ್ಬಹುದಾ?"

"ಅವಳ ಮೈ ಮುಟ್ಟೋಳು ನಾನೊಬ್ಳೇ," ಎಂದು ಲಿಂಗಮ್ಮ ಬಿಸಿನೀರು, ಸೀಗೆಪುಡಿ ತಂದು ತಾನೇ ತಿಕ್ಕಿದಳು. ಜಿಡ್ಡು ಬಿಡುತ್ತಿದ್ದ ಹಾಗೆ ಒಂದು ಬಾಣದ ಗುರುತು ಕಾಣಿಸಿತು, ಪಕ್ಕದಲ್ಲಿ ಎರಡು ಇಂಗ್ಲಿಷ್ ಅಕ್ಷರ.

ಚಂದ್ರಶೇಖರಪ್ಪನವರ ಮುಖ ಅರಳಿತು. "ಇದೇ ನೋಡಿ! ಸರ್ಕಾರದ ಮಟ್ಟದ ಕಲ್ಲು."

ಪಕ್ಕದ ಮನೆಯ ಸುಬ್ಬಪ್ಪ ಬಿಡುತ್ತಾನೆಯೇ? ಲಿಂಗಮ್ಮನಿಂದ ಉಗಿಸಿಕೊಂಡದ್ದನ್ನೆಲ್ಲ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಬೇಕೆ? "ಇಷ್ಟು ವರ್ಷ ಸರ್ಕಾರಕ್ಕೆ ಮಂಗಳಾರತಿ ಎತ್ತಿದ್ಯೇನೇ ಮಾರಾಯ್ತಿ!"

ಬೀದಿಗೆ ಬೀದಿಯೇ ನಕ್ಕಿತು. ಲಿಂಗಮ್ಮನ ಬಾಯಿಂದ ಮಾತು ಹೊರಡಲಿಲ್ಲ. ನಗುವವರು ಹಾಳಾಗಿ ಹೋಗಲಿ. ಆದರೆ ಇದು ಚೌಡಿಯೇ ಅಲ್ಲವೆಂದರೆ ಮಗಳನ್ನು ಉಳಿಸಿಕೊಟ್ಟವರು ಯಾರು?

"ನಗ್ಬೇಡಿ," ಎಂದರು ಚಂದ್ರಶೇಖರಪ್ಪ. "ಈ ರಸ್ತೇಲಿ ಇಂಥ ಕಲ್ಲು ಇನ್ನೂ ಇದ್ವು. ಒಂದು ಯಾರದೋ ಬಚ್ಚಲಲ್ಲಿ ಬಟ್ಟೆ ಒಗೆಯೋ ಕಲ್ಲಾಗಿದೆ. ಇನ್ನೊಂದು ಮನೆ ಪಾಯಕ್ಕೆ ಹೋಗಿದೆ. ಈಯಮ್ಮ ಪೂಜೆ ಮಾಡಿದ್ರಿಂದ ಇದೊಂದು ಅಲ್ಲಾಡದೆ ಉಳೀತು. ಇಡೀ ಊರಿನ ನೀರಿನ ಅಳತೆ ಇನ್ನು ಇಲ್ಲಿಂದಲೇ." ಆಮೇಲೆ ಲಿಂಗಮ್ಮನ ಕಡೆ ತಿರುಗಿ, ಹಿಂಜರಿಯುತ್ತ, "ಅಳತೆ ಕೋಲನ್ನ ಇದರ ನೆತ್ತಿ ಮೇಲೆ ನಿಲ್ಲಿಸ್ಬೇಕಮ್ಮಾ. ನೀವು ಒಪ್ಪಿದ್ರೆ," ಎಂದರು.

ಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಹೋಗಿದ್ದ ಮಾತು ಬಡ್ಡಿ ಸಮೇತ ವಾಪಸು ಬಂದಿತ್ತು.

"ಕೇಳಿಸ್ತೇನೋ ಸುಬ್ಬಪ್ಪ? ಸರ್ಕಾರ ನೆಟ್ರೆ ಏನಾಯ್ತು? ಯಾವ ದೇವ್ರು ತಾನಾಗೇ ನಡ್ಕೊಂಡು ಬಂದು ನಿಂತಿದೆ? ಅವತ್ತು ನನ್ನ ಮಗಳನ್ನ ಕಾಪಾಡಿದ್ಲು, ಇವತ್ತು ಊರಿಗೇ ನೀರು ಕೊಡ್ತಾಳೆ. ಚೌಡಿ ಅಲ್ದೆ ಇನ್ಯಾರೋ ಇವಳು?"

ಲಿಂಗಮ್ಮ ಕೋಲಿನ ಬುಡ ತೊಳೆದು, ಕುಂಕುಮವಿಟ್ಟು, ಚೌಡಿಯ ನೆತ್ತಿಯ ಮೇಲೆ ನಿಲ್ಲಿಸಿದಳು. ಹಿಡಿಯಲು ಬಂದ ಸರ್ವೆಯ ಆಳನ್ನು ಕಣ್ಣಲ್ಲೇ ಹಿಂದಕ್ಕೆ ಕಳಿಸಿದಳು.

"ನಾನೇ ಹಿಡ್ಕೋತೀನಿ ಸ್ವಾಮಿ," ಎಂದಳು. "ನೀವು ಅಳೀರಿ."